ಪಂಚಾಯ್ತಿ ಆಫೀಸ್‌ವರೆಗೂ ಫೈಬರ್ ಬಂದಿದೆ, ಮನೆಗೆ ಯಾಕೆ ಬರ್ತಿಲ್ಲ?

ಪ್ರಶ್ನೆ: ವಿಜಯನಗರದ ಹುಡುಗ
ಬೆಂಗಳೂರಲ್ಲಿ ಕೆಲಸ, ಊರು ಮಧುಗಿರಿ ಕಡೆ. ಅಮ್ಮನಿಗೆ ಹುಷಾರಿರಲ್ಲ, ಆಗಾಗ ಊರಿಂದ್ಲೇ ವರ್ಕ್ ಫ್ರಮ್ ಹೋಮ್ ಮಾಡೋಣ ಅಂದ್ರೆ ಮನೆ ಒಳಗೆ ಸಿಗ್ನಲ್ಲೇ ಇರಲ್ಲ, ಮಾಳಿಗೆ ಹತ್ತಿದ್ರೆ ಎರಡು ಕಡ್ಡಿ ಬರುತ್ತೆ ಅಷ್ಟೇ. ಪಕ್ಕದೂರಿನ ಪಂಚಾಯ್ತಿ ಆಫೀಸಿಗೆ ಸರ್ಕಾರದ ಫೈಬರ್ ಬಂದು ಎಷ್ಟೋ ವರ್ಷ ಆಯ್ತು. ಆ ಸಬ್ಸಿಡಿ ದುಡ್ಡು ನಮ್ಮೂರಿಗೆ ಯಾಕೆ ತಲುಪಲಿಲ್ಲ? ಗೊತ್ತಿರೋರು ಹೇಳಿ ಪ್ಲೀಸ್.

ಉತ್ತರ: ಟೆಲಿಕಾಂ ರಿಟೈರ್ಡ್
ಅದು ಭಾರತ್‌ನೆಟ್ ಕಣಪ್ಪ, ಹಳ್ಳಿಗಳಿಗೆ ಇಂಟರ್ನೆಟ್ ಮುಟ್ಟಿಸೋ ಕೇಂದ್ರ ಸರ್ಕಾರದ ಯೋಜನೆ. 2011ರಲ್ಲಿ ಬೇರೆ ಹೆಸರಲ್ಲಿ ಮಂಜೂರಾಯ್ತು, ಆಗಿನ ಗುರಿನೇ ಸುಮಾರು ಎರಡೂವರೆ ಲಕ್ಷ ಪಂಚಾಯ್ತಿಗೆ ಫೈಬರ್ ಮುಟ್ಟಿಸೋದು, ಅಲ್ಲಿಂದ ಮನೆಮನೆಗೆ ಬೇರೆಯವರು ಕೊಡ್ತಾರೆ ಅಂತ ಲೆಕ್ಕ. ದುಡ್ಡು ಬಜೆಟ್‌ನಲ್ಲಿ ಹೊಸದಾಗಿ ಹುಟ್ಟಿಸಿದ್ದಲ್ಲ, ಟೆಲಿಕಾಂ ಕಂಪನಿಗಳು ತಮ್ಮ ಆದಾಯದಲ್ಲಿ ನೂರಕ್ಕೆ 5 ರೂಪಾಯಿ ಹಳ್ಳಿಗಳ ಸಲುವಾಗಿ ಕಟ್ತಾರಲ್ಲ, ಆ ನಿಧಿದು, ಈಗ ಅದನ್ನ ಡಿಜಿಟಲ್ ಭಾರತ್ ನಿಧಿ ಅಂತಾರೆ. ಅಂದ್ರೆ ನಾವು ಮಾಡಿಸೋ ಒಂದೊಂದು ರೀಚಾರ್ಜ್‌ನಲ್ಲೂ ಅದರ ಪಾಲಿದೆ, ಕೇಳೋ ಹಕ್ಕು ನಿಮಗೆ ಪೂರ್ತಿ ಇದೆ.

ಉತ್ತರ: ಕೇಬಲ್ ಅಣ್ಣ, ಶಿರಾ
ನಾನು ಊರಲ್ಲಿ ಕನೆಕ್ಷನ್ ಕೊಡೋನು, ಗ್ರೌಂಡ್‌ನಲ್ಲಿ ಆಗೋದು ಹೇಳ್ತೀನಿ. ಎಷ್ಟೋ ಪಂಚಾಯ್ತಿಲಿ ಫೈಬರ್ ಬಂದು ಸೇರೋ ಬಾಕ್ಸ್ ಮೂಲೇಲಿ ಧೂಳು ಹಿಡಿದು ಕೂತಿದೆ, ಬ್ಯಾಟರಿ ಸತ್ತೋಗಿರುತ್ತೆ, ಕರೆಂಟ್ ಹೋದ್ರೆ ನೆಟ್ಟೂ ಹೋಯ್ತು. ಹಳೇ ಲೈನ್ ತಾಲೂಕಿಂದ ಒಂದೇ ದಾರೀಲಿ ಬಂದಿರೋದು, ರಸ್ತೆ ಅಗಲ ಮಾಡೋ ಜೆಸಿಬಿ ಒಂದು ಕಡೆ ಕಟ್ ಮಾಡಿದ್ರೆ ಮುಂದಿನ ಪಂಚಾಯ್ತಿಗಳೆಲ್ಲಾ ಬಂದ್, ಬಾಕ್ಸಲ್ಲಿ ಕೆಂಪು ಲೈಟ್ ಮಿಣುಕ್ತಾ ಇರುತ್ತೆ, ಸ್ಪ್ಲೈಸಿಂಗ್ ಮಾಡೋಕೆ, ಅಂದ್ರೆ ತುಂಡಾದ ಫೈಬರ್ ಜೋಡಿಸೋಕೆ, ಯಾರೂ ಬರಲ್ಲ. ಹೊಸ ಕೇಬಲ್ ಎಳೆಯೋಕೆ ಬಿಲ್ ಆಗುತ್ತೆ, ರಿಪೇರಿಗೆ ಆಗಲ್ಲ, ನನಗೆ ಹೊಟ್ಟೆ ಉರಿಯೋದು ಅದಕ್ಕೇ.

ಉತ್ತರ: ಟೆಲಿಕಾಂ ರಿಟೈರ್ಡ್
ಅಣ್ಣ ಹೇಳಿದ್ದು ಸರಿ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಭಾರತ್‌ನೆಟ್‌ಗೆ 1,39,579 ಕೋಟಿಗೆ ಒಪ್ಪಿಗೆ ಕೊಟ್ಟಾಗ ಅದನ್ನೇ ತಿದ್ದಿದ್ರು: ಲೈನ್ ಉಂಗುರದ ಥರ ಸುತ್ತಿಸೋದು, ಒಂದು ಕಡೆ ಕಟ್ ಆದ್ರೆ ಇನ್ನೊಂದು ಕಡೆಯಿಂದ ಬರ್ಲಿ ಅಂತ, ಜೊತೆಗೆ 10 ವರ್ಷದ ಮೇಂಟೆನೆನ್ಸ್, ಒಂದೂವರೆ ಕೋಟಿ ಮನೆ ಕನೆಕ್ಷನ್. ಪಂಚಾಯ್ತಿ ಆಫೀಸ್ ಇಲ್ಲದ ಹಳ್ಳಿಗೆ ಬೇಡಿಕೆ ಬಂದ್ರೆ ಮಾತ್ರ ಫೈಬರ್, ಇದನ್ನ ನೆನಪಿಟ್ಕೊಳ್ಳಿ. ಒಬ್ಬರೇ ಕೇಳಿದ್ರೆ ಪ್ರಯೋಜನ ಇಲ್ಲ, ಬೀದಿಯವರೆಲ್ಲಾ ಸಹಿ ಹಾಕಿ ಪಿಡಿಒಗೆ ಅರ್ಜಿ ಕೊಡಿ, ಗ್ರಾಮಸಭೆ ನಡಾವಳಿಲಿ ಬರೆಸಿ, ಒಂದು ಕಾಪಿಗೆ ಸೀಲ್ ಹಾಕಿಸ್ಕೊಳ್ಳಿ.

ಉತ್ತರ: ವಿಜಯನಗರದ ಹುಡುಗ
ತುಂಬಾ ಥ್ಯಾಂಕ್ಸ್ ಸರ್, ಅಣ್ಣ. ಬೇಡಿಕೆ ಕೊಡ್ಬೇಕು ಅನ್ನೋದು ನಮ್ಮೂರಲ್ಲಿ ಯಾರಿಗೂ ಗೊತ್ತೇ ಇಲ್ಲ. ಈ ಶನಿವಾರ ಊರಿಗೆ ಹೋಗ್ತಿದ್ದೀನಿ, ಸಹಿ ಹಾಕಿಸೋದು ಶುರು ಮಾಡ್ತೀನಿ.