ಉಪ್ಪು ಎಲ್ಲಿ ಹೋಯಿತು?

ದೊಡ್ಡಪ್ಪ: [ಚಿತ್ರ: ಹಳೆಯ ಕೈಬರಹದ ಪುಟ] ‘ಜಗತ್ತಿನ ಮೊದಲ ಐಸ್‌ಕ್ರೀಮ್! 17ನೇ ಶತಮಾನದ ಆಂಗ್ಲ ಮಹಿಳೆಯ ಆವಿಷ್ಕಾರ.’ ಎಲ್ಲರೂ ಓದಿ.

ನಾನು: ದೊಡ್ಡಪ್ಪ, ಚಿತ್ರ ನಿಜ, ಒಕ್ಕಣೆ ಸುಳ್ಳು. ಅದು ಆನ್ ಫ್ಯಾನ್‌ಶಾ ಎಂಬಾಕೆಯ ಅಡುಗೆ, ಮದ್ದುಗಳ ಕೈಬರಹದ ಪುಸ್ತಕ. 1651ರಲ್ಲಿ ಶುರುವಾದದ್ದು, ಈಗ ಲಂಡನ್ನಿನ ವೆಲ್‌ಕಮ್ ಸಂಗ್ರಹದಲ್ಲಿದೆ. ಐಸ್‌ಕ್ರೀಮ್ ಬಗ್ಗೆ ಇಂಗ್ಲಿಷಿನಲ್ಲಿ ಸಿಕ್ಕಿರುವ ಹಳೆಯ ಬರಹಗಳಲ್ಲಿ ಇದೂ ಒಂದು, ಅಷ್ಟೇ.

ದೊಡ್ಡಪ್ಪ: ಮೊದಲು ಬರೆದವರೇ ಕಂಡುಹಿಡಿದವರು.

ನಾನು: ಹಾಗಾದರೆ ಓದಿ ನೋಡಿ. ಮೂರು ಪಿಂಟ್ ಕೆನೆಯನ್ನು ಜಾಪತ್ರೆ ಹಾಕಿ ಕುದಿಸಬೇಕು, ಇಲ್ಲವೇ ಕಿತ್ತಳೆ ಹೂವಿನ ನೀರೋ ಅಂಬರ್‌ಗ್ರೀಸ್ ಎಂಬ ಸುಗಂಧದ್ರವ್ಯವೋ ಬೆರೆಸಬೇಕು. ಸಕ್ಕರೆ ಹಾಕಿ, ಆರಿಸಿ, ಬೆಳ್ಳಿ ಅಥವಾ ತವರದ ಡಬ್ಬಿಗೆ ತುಂಬಿ, ಒಡೆದ ಮಂಜುಗಡ್ಡೆಯಲ್ಲಿ ಎರಡು ಗಂಟೆ ಹೂತಿಡಬೇಕಂತೆ. ಉಪ್ಪಿನ ಸುದ್ದಿಯೇ ಇಲ್ಲ! ಕರಗುವ ಮಂಜುಗಡ್ಡೆ 0 ಡಿಗ್ರಿಯಲ್ಲೇ ನಿಲ್ಲುತ್ತದೆ, ಸಿಹಿ ಕೆನೆ ಅಷ್ಟಕ್ಕೆ ಗಟ್ಟಿಯಾಗದು. ಇನ್ನೂ ತಣ್ಣಗಾಗಲೆಂದೇ ಕುಲ್ಫಿ ಮಾರುವವರೂ ಮಂಜುಗಡ್ಡೆಗೆ ಕಲ್ಲುಪ್ಪು ಬೆರೆಸುತ್ತಾರೆ. ಈಕೆ ಮಾಡಿಯೇ ನೋಡಿಲ್ಲ.

ಚಿಕ್ಕಪ್ಪ: ಅಂಬರ್‌ಗ್ರೀಸ್ ಎಂದರೆ ಪತ್ರಿಕೆಯಲ್ಲಿ ಬರುವ ತಿಮಿಂಗಿಲದ ವಾಂತಿಯೇ? ಐಸ್‌ಕ್ರೀಮ್ ಮಾಡಿದವರ ಮನೆಗೆ ಪೊಲೀಸರು ಬರುತ್ತಾರೆ.

ಅತ್ತೆ: ಮಾಡಿ ನೋಡಿಲ್ಲ ಎಂದು ಹೇಗೆ ಹೇಳುತ್ತೀಯ? ಮಂಜುಗಡ್ಡೆ ಒಡೆಯುವವರು ಆಳುಗಳು. ಉಪ್ಪಿನ ವಿಷಯ ಅವರ ಕೈಗೆ ಗೊತ್ತಿರುತ್ತದೆ, ಯಜಮಾನಿ ಬರೆಯಬೇಕಾಗಿಲ್ಲ. ಅಮ್ಮನ ನೋಟ್‌ಬುಕ್ಕಿನಲ್ಲಿ ಹುಳಿಪುಡಿಗೆ ಎಷ್ಟು ಹೊತ್ತು ಹುರಿಯಬೇಕೆಂದು ಇದೆಯೇ? ‘ಘಮ ಬಂದಾಗ ಇಳಿಸು’ ಎಂದಿದೆ.

ನಾನು: ಅಷ್ಟಾದರೂ ಇದೆಯಲ್ಲ ಅತ್ತೆ. ಇಲ್ಲಿ ಮುಖ್ಯ ಕೆಲಸವೇ ಬಿಟ್ಟುಹೋಗಿದೆ. ಫ್ಯಾನ್‌ಶಾ ಅವರ ಗಂಡ ಸ್ಪೇನ್‌ನಲ್ಲಿ ರಾಯಭಾರಿಯಾಗಿದ್ದರು. ಎಲ್ಲೋ ತಿಂದದ್ದನ್ನು ಯಾರನ್ನೋ ಕೇಳಿ ಬರೆದುಕೊಂಡಿರಬೇಕು.

ದೊಡ್ಡಪ್ಪ: ಇವರಿಗಿಂತ ಮೊದಲೇ, 1508ರ ಸುಮಾರಿಗೆ, ನಮ್ಮ ಮೂರನೆಯ ಮಂಗರಸ ‘ಸೂಪಶಾಸ್ತ್ರ’ ಎಂಬ ಅಡುಗೆಯ ಪುಸ್ತಕ ಬರೆದಿದ್ದಾನೆ. ಷಟ್ಪದಿಯಲ್ಲಿ!

ಅತ್ತೆ: ಅಣ್ಣ, ಈಗ ತಾನೇ ನೀನು ಆಂಗ್ಲ ಮಹಿಳೆಯ ಪಕ್ಷದಲ್ಲಿದ್ದೆ. ಅದು ಕವಿ ಬರೆದ ಕಾವ್ಯ. ಇದು 1678ರಲ್ಲಿ ಆನ್ ತಮ್ಮ ಮಗಳು ಕ್ಯಾಥರೀನಳಿಗೆ ಕೊಟ್ಟ ಪುಸ್ತಕ. ಈಗಷ್ಟೇ ಹುಡುಕಿ ಓದಿದೆ. ಮುಲಾಮು, ಮದ್ದು, ಅಡುಗೆ, ಎಲ್ಲ ಒಂದೇ ರಟ್ಟಿನೊಳಗೆ.

ನಾನು: ಆ ಕಾಲದ ಇಂಥ ಪುಸ್ತಕಗಳಲ್ಲಿ ಫಲ ಕಂಡ ಮದ್ದಿನ ಪಕ್ಕ ‘ಪ್ರೊಬಾಟಮ್ ಎಸ್ಟ್’ ಎಂದು ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದರು, ಪರೀಕ್ಷಿಸಿದ್ದು ಎಂದು. ಕೆಲಸಕ್ಕೆ ಬಾರದ್ದನ್ನು ಹೊಡೆದು ಹಾಕುತ್ತಿದ್ದರು.

ಚಿಕ್ಕಮ್ಮ: [ಚಿತ್ರ] ನಮ್ಮ ಅತ್ತೆಯವರ, ಅಂದರೆ ನಿಮ್ಮ ಅಮ್ಮನ ನೋಟ್‌ಬುಕ್ ನನ್ನ ಹತ್ತಿರವೇ ಇದೆ. ಕೋಡುಬಳೆಯ ಕೆಳಗೆ ಕೆಮ್ಮಿನ ಮದ್ದು: ದೊಡ್ಡಪತ್ರೆ ರಸ, ಜೇನು, ಕಾಳುಮೆಣಸು. ಅದರ ಮೇಲೆ ಅಡ್ಡಗೀಟು. ಹೊಡೆದವರು ಯಾರು?

ಅತ್ತೆ: ಶಾಯಿ ಬೇರೆ. ಅಮ್ಮ ಅಲ್ಲ.

ದೊಡ್ಡಪ್ಪ: ನಾನೇ. ಏಳನೆಯ ತರಗತಿಯಲ್ಲಿದ್ದೆ. ಒಂದು ವಾರ ಕುಡಿದರೂ ಕೆಮ್ಮು ಹೋಗಲಿಲ್ಲ.

ಅತ್ತೆ: ಕುಡಿದದ್ದು ಯಾವಾಗ? ತುಳಸಿಕಟ್ಟೆಗೆ ಸುರಿಯುತ್ತಿದ್ದುದನ್ನು ನಾನೇ ನೋಡಿದ್ದೇನೆ.