ತಾಳಮದ್ದಲೆ ರೆಕಾರ್ಡಿಂಗಿಗೆ ಎರಡು ಲಕ್ಷದ ಕನ್ವರ್ಟರ್ ಬೇಕೇ?

ಪ್ರಶ್ನೆ (ಶಿರಸಿ)
ಮನೆಯ ಮಾಳಿಗೆಯಲ್ಲಿ 10×12 ಅಡಿಯ ಕೋಣೆ. ಚಿರೇಕಲ್ಲಿನ ಗೋಡೆ, ಮೇಲೆ ತಗಡಿನ ಮಾಡು. ತಾಳಮದ್ದಲೆ, ಭಜನೆ ರೆಕಾರ್ಡ್ ಮಾಡುತ್ತೇವೆ. ಸದ್ಯಕ್ಕೆ ಎರಡು ಇನ್‌ಪುಟ್‌ನ ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 (ಮೂರನೇ ತಲೆಮಾರು) ಎಂಬ ಇಂಟರ್‌ಫೇಸ್, ಅಂದರೆ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ, ಎರಡು ಶೂರ್ ಎಸ್‌ಎಂ58, ಒಂದು ಕಂಡೆನ್ಸರ್ ಮೈಕ್ ಇದೆ. ಚಂಡೆ ಜೋರಾದರೆ ಧ್ವನಿ ಒಡೆಯುತ್ತದೆ, ಭಾಗವತರ ಪದ ಮಂಕಾಗಿ ಕೇಳುತ್ತದೆ. ಒಳ್ಳೆಯ ಕನ್ವರ್ಟರ್ (ಮೈಕಿನ ಧ್ವನಿಯನ್ನು ಡಿಜಿಟಲ್ ಅಂಕಿಗಳಾಗಿ ಬದಲಿಸುವ ಪೆಟ್ಟಿಗೆ) ಹಾಕಿದರೆ ಎರಡೂ ಸರಿಯಾಗುತ್ತದೆ ಎನ್ನುತ್ತಾರೆ. ಎರಡು ಲಕ್ಷ ಹಾಕಬಹುದೇ ಸರ್?

ಉತ್ತರ (ಕುಮಟಾ, ರೆಕಾರ್ಡಿಂಗ್ ಎಂಜಿನಿಯರ್)
ಬೇಡ. ನೀವು ಹೇಳಿದ ಎರಡು ತೊಂದರೆಗಳಲ್ಲಿ ಒಂದೂ ಕನ್ವರ್ಟರಿನದ್ದಲ್ಲ.

ಮೊದಲು ಚಂಡೆ. ಒಡೆದ ಕಡೆ ತರಂಗದ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ತಲೆ ಸರಿಯಾಗಿ 0 ಡಿಬಿ ಗೆರೆಯಲ್ಲಿ (ಡಿಜಿಟಲ್ ಮೀಟರಿನ ತುತ್ತತುದಿ) ಚಪ್ಪಟೆಯಾಗಿದ್ದರೆ ಗೇನ್, ಅಂದರೆ ಪೆಟ್ಟಿಗೆಯಲ್ಲಿ ಮೈಕಿನ ಸಿಗ್ನಲನ್ನು ಏರಿಸುವ ಮಟ್ಟ, ಹೆಚ್ಚಾಗಿದೆ. 0ಗಿಂತ ಕೆಳಗೇ ಚಪ್ಪಟೆಯಾಗಿದ್ದರೆ ಕನ್ವರ್ಟರಿಗೆ ಬರುವ ಮೊದಲೇ ಒಡೆದಿದೆ. ಹೆಚ್ಚಿನಂಶ ಕಂಡೆನ್ಸರ್ ಮೈಕಿನ ಒಳಗೇ ಆಗಿರುತ್ತದೆ. ಒಮ್ಮೆ ಒಡೆದದ್ದನ್ನು ಎಷ್ಟು ಲಕ್ಷದ ಪೆಟ್ಟಿಗೆಯೂ ಕೂಡಿಸುವುದಿಲ್ಲ. ಚಂಡೆಗೆ ಕಂಡೆನ್ಸರ್ ಬಿಟ್ಟು ಎಸ್‌ಎಂ58 ಇಡಿ, ಒಂದೂವರೆ ಎರಡು ಅಡಿ ದೂರದಲ್ಲಿ. ಗೇನ್ ಪೂರ್ತಿ ಇಳಿಸಿದರೂ ಕೆಂಪು ದೀಪ ಹತ್ತಿದರೆ ಮೈಕ್ ಮತ್ತು ಪೆಟ್ಟಿಗೆಯ ನಡುವೆ 20 ಡಿಬಿ ಪ್ಯಾಡ್ (ಸಿಗ್ನಲ್ ತಗ್ಗಿಸುವ ಸಾಧನ) ಹಾಕಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುತ್ತಿದ್ದರೆ ಅತಿ ಜೋರಿನ ಪೆಟ್ಟು −12 ಡಿಬಿಯಲ್ಲಿ ನಿಂತರೂ ಸಾಕು. ಒಂದು ಬಿಟ್ ಅಂದರೆ ಸುಮಾರು 6 ಡಿಬಿ, ಎರಡು ಬಿಟ್ ಬಿಟ್ಟುಕೊಟ್ಟಂತೆ ಅಷ್ಟೆ. "ಮೀಟರ್ ತುಂಬಿಸಬೇಕು" ಎನ್ನುವುದು 16 ಬಿಟ್ ಕಾಲದ ಅಭ್ಯಾಸ.

ಇನ್ನು ಮಂಕು. ಅದು ಕೋಣೆಯದ್ದು. 12 ಅಡಿಯ ಉದ್ದಕ್ಕೆ ಸುಮಾರು 47 ಹರ್ಟ್ಸ್, 10 ಅಡಿಗೆ 56 ಹರ್ಟ್ಸ್‌ನಲ್ಲಿ ಮೊದಲ ಅನುರಣನ ಬರುತ್ತದೆ. ಅದರ ಎರಡು ಪಟ್ಟು, ಮೂರು ಪಟ್ಟು ಸಾಲಾಗಿ ಗಂಡಸರ ದನಿಯ ತಳಕ್ಕೇ ಬಂದು ಬೀಳುತ್ತವೆ. ಮೊಟ್ಟೆಯ ಟ್ರೇ, ತೆಳು ನಾರಿನ ಚಾಪೆ ಹೊಡೆದಿದ್ದರೆ ತೆಗೆಯಿರಿ ಮಾರಾಯ್ರೆ. ಅವು ಮೇಲಿನ ಸ್ವರಗಳನ್ನು ಮಾತ್ರ ಹೀರಿ ತಳವನ್ನು ಹಾಗೇ ಬಿಡುತ್ತವೆ, ಪದ ಇನ್ನಷ್ಟು ಮಂಕಾಗುತ್ತದೆ. ಘನಮೀಟರಿಗೆ 48 ಕೆಜಿ ಸಾಂದ್ರತೆಯ, 100 ಮಿಮೀ ದಪ್ಪದ ರಾಕ್‌ವೂಲ್ ಹಲಗೆಗಳನ್ನು 2×4 ಅಡಿಯ ಮರದ ಚೌಕಟ್ಟಿಗೆ ಕೂರಿಸಿ, ಹತ್ತಿಬಟ್ಟೆ ಬಿಗಿದು, ಆರು ಮಾಡಿಕೊಳ್ಳಿ. ನಾಲ್ಕು ಮೂಲೆಗೆ ನಾಲ್ಕು, ಭಾಗವತರ ಎರಡು ಬದಿಗೆ ಎರಡು. ಗೋಡೆಗೆ ಅಂಟಿಸಬೇಡಿ, 4 ಇಂಚು ಜಾಗ ಬಿಡಿ. ತಳದ ಹೀರಿಕೆ ಹೆಚ್ಚುತ್ತದೆ, ಮಳೆಗಾಲದಲ್ಲಿ ಗೋಡೆಯ ತೇವವೂ ಹಿಡಿಯುವುದಿಲ್ಲ.

ಮರುಪ್ರಶ್ನೆ (ಶಿರಸಿ)
ಆದರೂ ಸರ್, ನಮ್ಮದರ ಡೈನಾಮಿಕ್ ರೇಂಜ್ (ಅತಿ ಜೋರಿನ ಧ್ವನಿಗೂ ಪೆಟ್ಟಿಗೆಯ ಸ್ವಂತ ಗದ್ದಲಕ್ಕೂ ಇರುವ ಅಂತರ) 110 ಡಿಬಿಯ ಆಸುಪಾಸು, ದುಬಾರಿಯದ್ದು 120ಕ್ಕಿಂತ ಮೇಲೆ. ಆ ವ್ಯತ್ಯಾಸ ಕೇಳುವುದಿಲ್ಲವೇ?

ಉತ್ತರ (ಕುಮಟಾ)
ಲೆಕ್ಕ ಹಾಕಿ. ಕಿಟಕಿ ಮುಚ್ಚಿದ ಶಾಂತ ರಾತ್ರಿಯಲ್ಲೂ ಮನೆಯ ಕೋಣೆಯಲ್ಲಿ 30–35 ಡಿಬಿ ಗದ್ದಲ ಇರುತ್ತದೆ. ಭಾಗವತರು ಏರುದನಿಯಲ್ಲಿ ಹಾಡಿದರೆ ಒಂದಡಿ ದೂರದ ಮೈಕಿಗೆ 100–105 ಬಂದೀತು. ನಡುವೆ ಉಳಿದದ್ದು 70 ಡಿಬಿ. ನಿಮ್ಮ ಈಗಿನ ಪೆಟ್ಟಿಗೆಯಲ್ಲೇ ಅದಕ್ಕಿಂತ 40 ಹೆಚ್ಚಿದೆ. ಆಷಾಢದಲ್ಲಿ ತಗಡಿನ ಮೇಲೆ ಮಳೆ ಹೊಯ್ಯುವಾಗಿನ ಲೆಕ್ಕ ಕೇಳಲೇಬೇಡಿ.

ಮೈಕಿನ ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ಪ್ರೀಆಂಪಿನ ಕಥೆಯೂ ಹೀಗೇ. 150 ಓಮ್ ಮೂಲದ ಸ್ವಂತ ಉಷ್ಣ ಗದ್ದಲವೇ ಸುಮಾರು −131 ಡಿಬಿಯು (ವೋಲ್ಟೇಜ್ ಮಟ್ಟದ ಅಳತೆ; ಸಂಖ್ಯೆ ಕೆಳಗಿಳಿದಷ್ಟೂ ಗದ್ದಲ ಕಡಿಮೆ). ಇದು ಭೌತಶಾಸ್ತ್ರದ ಮಿತಿ, ಹಣ ಕೊಟ್ಟು ದಾಟಲಾಗದು. ಇಂದಿನ ಅಗ್ಗದ ಪೆಟ್ಟಿಗೆಗಳೇ −128ರ ಹತ್ತಿರ ಇವೆ. ಅರ್ಥಧಾರಿ ಮೆಲ್ಲಗೆ ಮಾತಾಡುವಾಗ ಹಿಸ್ ಕೇಳಿದರೆ ಮೈಕನ್ನು ಎರಡಡಿಯಿಂದ ಒಂದಡಿಗೆ ತನ್ನಿ. ದನಿ 6 ಡಿಬಿ ಏರುತ್ತದೆ, ಖರ್ಚು ಸೊನ್ನೆ.

ಇನ್ನೊಬ್ಬರು (ಹೊನ್ನಾವರ)
ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ದುಬಾರಿಯದರಲ್ಲಿ ಧ್ವನಿ ಬಿಡಿಬಿಡಿಯಾಗಿ ಕೇಳುತ್ತದೆ. ಹೊರಗಿನ ಕ್ಲಾಕ್ (ಕನ್ವರ್ಟರಿಗೆ ತಾಳ ಹಿಡಿಯುವ ಸಾಧನ) ಜೋಡಿಸಿದರೆ ಇನ್ನೂ ಚೆನ್ನ.

ಉತ್ತರ (ಕುಮಟಾ)
ಕೇಳಿಸುತ್ತದೆ ಎಂದರೆ ಪರೀಕ್ಷೆಗೆ ನಿಲ್ಲಬೇಕು. ಎರಡೂ ಪೆಟ್ಟಿಗೆಯಿಂದ 100 ಹರ್ಟ್ಸ್‌ನ ಸ್ವರ ಬಿಟ್ಟು, ಔಟ್‌ಪುಟ್ಟಿನ ಎಸಿ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ಅಳೆದು, ವ್ಯತ್ಯಾಸ 1%ಕ್ಕಿಂತ ಕಡಿಮೆ ಬರುವಂತೆ ಹೊಂದಿಸಿ. ಅದು 0.1 ಡಿಬಿಗೂ ಒಳಗೆ. ಸಾಮಾನ್ಯ ಮಲ್ಟಿಮೀಟರ್ ಮೇಲಿನ ಸ್ವರಗಳಲ್ಲಿ ತಪ್ಪು ತೋರಿಸುತ್ತದೆ, ಹಾಗಾಗಿ 1000 ಹರ್ಟ್ಸ್ ಬೇಡ. ಆಮೇಲೆ ಬೇರೊಬ್ಬರು ನಾಣ್ಯ ಚಿಮ್ಮಿ, ಯಾವುದೆಂದು ಹೇಳದೆ ನುಡಿಸಲಿ. 16 ಸಲದಲ್ಲಿ 12 ಸರಿ ಹೇಳಿದರೆ ಒಪ್ಪೋಣ. ಬರೀ ಊಹೆಯಿಂದ 12 ಅಥವಾ ಹೆಚ್ಚು ಬರುವ ಸಾಧ್ಯತೆ 4%ಕ್ಕಿಂತ ಕಡಿಮೆ. ಮಟ್ಟ ಹೊಂದಿಸದಿದ್ದರೆ ಅರ್ಧ ಡಿಬಿ ಜೋರಿದ್ದದ್ದೇ "ಬಿಡಿಬಿಡಿ" ಎನಿಸುತ್ತದೆ.

ಕ್ಲಾಕ್ ವಿಚಾರ: ಒಂದೇ ಪೆಟ್ಟಿಗೆ ಇದ್ದಾಗ ಅದರ ಒಳಗಿನ ಕ್ಲಾಕೇ ಒಳ್ಳೆಯದು. ಹೊರಗಿನದು ಬೇಕಾಗುವುದು ಎರಡು ಮೂರು ಪೆಟ್ಟಿಗೆಗಳನ್ನು ಹೆಜ್ಜೆ ಕೂಡಿಸಲು.

ದುಬಾರಿಯದ್ದಕ್ಕೆ ಅರ್ಥವೇ ಇಲ್ಲ ಎನ್ನುತ್ತಿಲ್ಲ. ಧ್ವನಿಯನ್ನು ಅನಲಾಗ್ ಕಂಪ್ರೆಸರಿಗೆ ಕಳಿಸಿ ಮತ್ತೆ ಒಳಗೆ ತರುವ ಮಾಸ್ಟರಿಂಗ್‌ನವರಿಗೆ +24 ಡಿಬಿಯು ಮಟ್ಟ ತಡೆಯುವ ಪೆಟ್ಟಿಗೆ ಬೇಕು. 32 ಚಾನೆಲ್ ಬೇಕಾದವರಿಗೂ ಬೇರೆ ದಾರಿ ಇಲ್ಲ. ಹತ್ತು ವರ್ಷ ಡ್ರೈವರ್ ಒದಗಿಸುವ ಕಂಪನಿಗೆ ಹೆಚ್ಚು ಕೊಡುವುದೂ ಲಾಭವೇ. ಶಿರಸಿಯವರಿಗೆ ಇವು ಮೂರರಲ್ಲಿ ಒಂದೂ ಸದ್ಯಕ್ಕಿಲ್ಲ.

ಅವರಿಗೆ ಬೇಕಾದದ್ದು ಇನ್‌ಪುಟ್. ಭಾಗವತರು, ಮದ್ದಲೆ, ಚಂಡೆ, ಶ್ರುತಿ, ನಾಲ್ವರು ಅರ್ಥಧಾರಿಗಳು ಸೇರಿದರೆ ಎಂಟು ಮೈಕ್. 2ಐ2ಗೆ ಆಪ್ಟಿಕಲ್ ಇನ್‌ಪುಟ್ ಇಲ್ಲ, ಆದ್ದರಿಂದ ಬೆಹ್ರಿಂಗರ್ ಎಡಿಎ8200ರಂಥ ಎಂಟು ಪ್ರೀಆಂಪಿನ ಹೆಚ್ಚುವರಿ ಪೆಟ್ಟಿಗೆಯನ್ನು ಸೇರಿಸಲು ಬರುವುದಿಲ್ಲ. ಎಂಟು ಪ್ರೀಆಂಪ್ ಇರುವ ಸ್ಕಾರ್ಲೆಟ್ 18ಐ20 ದರ್ಜೆಯದ್ದು ಕೊಳ್ಳಿ. ಮುಂದೆ 16 ಬೇಕಾದರೆ ಅದಕ್ಕೆ ಎಡಿಎ8200 ಜೋಡಿಸಬಹುದು. ಒಂದೇ ಆಪ್ಟಿಕಲ್ ಕೇಬಲ್ ಹಾಕಿದರೆ 18ಐ20ರ ಕ್ಲಾಕ್ ಮೂಲವನ್ನು ಅಡಾಟ್‌ಗೆ (ಆ ಆಪ್ಟಿಕಲ್ ಇನ್‌ಪುಟ್ಟಿಗೆ) ಬದಲಿಸಲು ಮರೆಯಬೇಡಿ. ಮರೆತರೆ ನಡುನಡುವೆ ಟಿಕ್ ಟಿಕ್ ಎಂದು ಕೇಳಿ ಕೇಬಲ್ ಹಾಳಾಗಿದೆ ಎಂದುಕೊಳ್ಳುತ್ತೀರಿ. ಸ್ಯಾಂಪಲ್ ದರ 48 ಕಿಲೋಹರ್ಟ್ಸ್, 24 ಬಿಟ್ ಸಾಕು. 96ಕ್ಕೆ ಹೋದರೆ ಅಡಾಟ್‌ನಲ್ಲಿ ಎಂಟರ ಬದಲು ನಾಲ್ಕೇ ಚಾನೆಲ್, ಎಡಿಎ8200ಗೆ ಅಂತೂ 96 ಆಗುವುದೇ ಇಲ್ಲ.

ಪ್ರಶ್ನೆ (ಕಾರವಾರ)
ಹಳೆಯ ಯಕ್ಷಗಾನ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಲಿಕ್ಕೆ? ಜೊತೆಗೆ ಲ್ಯಾಪ್‌ಟಾಪ್ ಚಾರ್ಜರ್ ಹಾಕಿದರೆ ಗುಂಯ್ ಎನ್ನುತ್ತದೆ.

ಉತ್ತರ (ಕುಮಟಾ)
ಡಾಲ್ಬಿ (ಹಿಸ್ ತಗ್ಗಿಸುವ ವ್ಯವಸ್ಥೆ) ಇಲ್ಲದ ಸಾಮಾನ್ಯ ಕ್ಯಾಸೆಟ್ಟಿನ ರೇಂಜ್ 50–55 ಡಿಬಿ. ಅತಿ ಅಗ್ಗದ ಇಂಟರ್‌ಫೇಸೂ ಇದಕ್ಕೆ ಹೆಚ್ಚೇ. ಹಣವನ್ನು ಡೆಕ್ಕಿನ ಬೆಲ್ಟಿಗೆ ಹಾಕಿ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಮೊನೊದಲ್ಲಿ ಕೇಳುತ್ತ ಹೆಡ್ ಪಕ್ಕದ ಅಜಿಮತ್ ಸ್ಕ್ರೂವನ್ನು (ಹೆಡ್ಡಿನ ವಾಲು ಹೊಂದಿಸುವುದು) ಕಾಲುಸುತ್ತಿನ ಒಳಗೇ ತಿರುಗಿಸಿ. ಜಾಗಟೆಯ ನಾದ ಅತಿ ಚುರುಕಾಗಿ ಕೇಳಿದ ಕಡೆ ನಿಲ್ಲಿಸಿ. ಇದನ್ನು ಪ್ರತಿ ಕ್ಯಾಸೆಟ್ಟಿಗೂ ಮಾಡಬೇಕು. ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ನುಡಿಸಬೇಡಿ, ಡೆಕ್ಕಿನಿಂದ ಉಳಿದ ಕ್ಯಾಸೆಟ್‌ಗಳಿಗೂ ಹರಡುತ್ತದೆ.

ಗುಂಯ್ ಎನ್ನುವುದು ಅರ್ತಿಂಗ್ ಸುತ್ತು, ಅಂದರೆ ಉಪಕರಣಗಳು ಎರಡು ದಾರಿಯಲ್ಲಿ ಅರ್ತ್‌ಗೆ ಸೇರಿ ಆಗುವ ಸುತ್ತು. ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿದಾಗ ನಿಂತರೆ ಖಾತ್ರಿ. ಡೆಕ್ಕು, ಲ್ಯಾಪ್‌ಟಾಪು ಎರಡನ್ನೂ ಒಂದೇ ಬೋರ್ಡಿಗೆ ಹಾಕಿ. ಹೋಗದಿದ್ದರೆ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಐಸೊಲೇಟರ್ ಹಾಕಿ. ಪ್ಲಗ್ಗಿನ ಅರ್ತಿಂಗ್ ಪಿನ್ ಮಾತ್ರ ಮುರಿಯಬೇಡಿ, ಶಾಕ್ ಹೊಡೆದೀತು.

ಕಾರವಾರದ ಉಪ್ಪುಗಾಳಿಗೆ ಜ್ಯಾಕ್‌ಗಳು ಬೇಗ ಕಿಲುಬುತ್ತವೆ. ಒಂದು ಬದಿಯ ಧ್ವನಿ ಬಂದು ಹೋಗಿ ಮಾಡಿದರೆ ಪೆಟ್ಟಿಗೆ ಬದಲಿಸುವ ಮೊದಲು ಕರೆಂಟ್ ತೆಗೆದು, ಅದೇ ಆಲ್ಕೊಹಾಲ್ ಸವರಿದ ಪ್ಲಗ್ಗನ್ನು ಹತ್ತು ಸಲ ಒಳಗೆ ಹೊರಗೆ ಮಾಡಿ ನೋಡಿ.