ಹಾಸಿಗೆ ಹಿಡಿದವರ ಆರೈಕೆಯಲ್ಲಿ ಸುಗಂಧ ತೈಲ: ಬಳಸಿದವರ ಅನುಭವ

ಪ್ರಶ್ನೆ (ಮಂಡ್ಯ): ಲಕ್ವ ಹೊಡೆದು ಮಲಗಿರುವ ನಮ್ಮತ್ತೆಯವರಿಗೆ ರಾತ್ರಿ ನಿದ್ರೆ ಬರುವುದಿಲ್ಲ, ಸೊಂಟದ ಕೆಳಗೆ ಚರ್ಮವೂ ಕೆಂಪಾಗುತ್ತಿದೆ. ಲ್ಯಾವೆಂಡರ್ ಮತ್ತು ಗಂಧದ ಎಣ್ಣೆ ಹಚ್ಚಿದರೆ ಎರಡೂ ವಾಸಿಯಾಗುತ್ತವೆ ಎಂದು ನೆಂಟರೊಬ್ಬರು ಹೇಳುತ್ತಾರೆ. ಬಳಸಿದವರು ದಯವಿಟ್ಟು ತಿಳಿಸಿ.

ನಿವೃತ್ತ ಶುಶ್ರೂಷಕಿ, ಮೈಸೂರು: ಇವೆರಡನ್ನೂ ಬೇರೆ ಬೇರೆಯಾಗಿ ನೋಡಬೇಕಮ್ಮ. ಕೆಂಪಾದ ಜಾಗಕ್ಕೆ ಯಾವ ಎಣ್ಣೆಯನ್ನೂ ಹಾಕಿ ತಿಕ್ಕಬೇಡಿ. ಮೂಳೆಯ ಮೇಲೆ ಭಾರ ಬಿದ್ದು ರಕ್ತಸಂಚಾರ ಕುಗ್ಗಿರುವ ಆ ಚರ್ಮವನ್ನು ತಿಕ್ಕಿದರೆ ಒಳಗಿನ ಸಣ್ಣ ರಕ್ತನಾಳಗಳಿಗೆ ಇನ್ನಷ್ಟು ಪೆಟ್ಟಾಗುತ್ತದೆ. ಬೆರಳಿನಿಂದ ಒತ್ತಿ ಬಿಟ್ಟಾಗಲೂ ಕೆಂಪು ಮಾಸದಿದ್ದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ. ಕೂಡಲೇ ವೈದ್ಯರಿಗೆ ತೋರಿಸಿ, ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾ ಬನ್ನಿ.

ನಿದ್ರೆಗೆ ಲ್ಯಾವೆಂಡರ್ ಸ್ವಲ್ಪ ನೆರವಾಗಬಹುದು. ನಮ್ಮ ವಾರ್ಡಿನಲ್ಲಿ ಹತ್ತಿಯ ಉಂಡೆಗೆ ಒಂದು ಹನಿ ಹಾಕಿ ದಿಂಬಿನ ಪಕ್ಕದಲ್ಲಿ ಇಡುತ್ತಿದ್ದೆವು. ಕೆಲವರು ನೆಮ್ಮದಿಯಾಗಿ ಮಲಗುತ್ತಿದ್ದರು, ಇನ್ನು ಕೆಲವರಿಗೆ ಆ ವಾಸನೆಯಿಂದಲೇ ತಲೆನೋವು ಬರುತ್ತಿತ್ತು. ಸಂಶೋಧನೆಗಳ ಫಲಿತಾಂಶವೂ ಹೀಗೆ ಮಿಶ್ರವಾಗಿಯೇ ಇದೆ. ಲಕ್ವದಿಂದ ಮಾತು ಬಿದ್ದುಹೋದವರು ಬೇಡವೆಂದು ಹೇಳಲಾರರು; ಅವರು ಮುಖ ಸಿಂಡರಿಸಿದರೆ ಅಥವಾ ಆಚೆ ತಿರುಗಿಸಿದರೆ ಉಂಡೆಯನ್ನು ತೆಗೆದುಬಿಡಿ. ಕೈಕಾಲು ನೀವುವುದಾದರೆ 30 ಮಿ.ಲೀ. ಎಳ್ಳೆಣ್ಣೆಗೆ 6 ಹನಿ ಸಾಕು, ಅದು ಸುಮಾರು ಶೇ. 1ರಷ್ಟಾಗುತ್ತದೆ. ಮೊದಲು ಮುಂಗೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡಿ. ಒಂದು ಕಾಲು ಮಾತ್ರ ಊದಿಕೊಂಡು ಬಿಸಿಯಾಗಿದ್ದರೆ ನೀವಲೇಬಾರದು. ಒಳಗೆ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆಯಿರುತ್ತದೆ.

ಗ್ರಂದಿಗೆ ಅಂಗಡಿಯವರು, ಮೈಸೂರು: ಎಣ್ಣೆ ಕೊಳ್ಳುವಾಗಲೂ ಎಚ್ಚರ ಬೇಕು. ದೇವರಾಜ ಮಾರುಕಟ್ಟೆಯಲ್ಲಿ ಸಾಲಾಗಿ ಜೋಡಿಸಿರುವ ಸಣ್ಣ ಸೀಸೆಗಳಲ್ಲಿ ಎಲ್ಲವೂ ಗಿಡದಿಂದ ತೆಗೆದವುಗಳಲ್ಲ. ಮಲ್ಲಿಗೆಯ ಪರಿಮಳ ಹಬೆಯ ಬಿಸಿಗೆ ಕೆಡುವುದರಿಂದ ಅದನ್ನು ದ್ರಾವಕ ಬಳಸಿ ತೆಗೆಯುತ್ತಾರೆ, ರಾಶಿ ಹೂವಿಗೆ ಸಿಗುವುದು ತೊಟ್ಟಷ್ಟೇ. ಹೀಗಿರುವಾಗ ಅಗ್ಗದ ಮಲ್ಲಿಗೆ ಎಣ್ಣೆ ಎಂದರೆ ಕೃತಕ ಸೆಂಟು ಎಂದೇ ತಿಳಿಯಿರಿ. 1916ರಿಂದ ಗಂಧದ ಎಣ್ಣೆ ತೆಗೆಯುತ್ತಿರುವ ಸರ್ಕಾರಿ ಕಾರ್ಖಾನೆ ನಮ್ಮೂರಿನಲ್ಲೇ ಇದ್ದರೂ ಅಪ್ಪಟ ಗಂಧದ ಎಣ್ಣೆ ಬಲು ದುಬಾರಿ. ರೋಗಿಯ ಮೈಗೆ ಹಚ್ಚಲು ಅಷ್ಟು ಹಣ ಸುರಿಯಬೇಕಾಗಿಲ್ಲ ಎಂಬುದು, ವ್ಯಾಪಾರಿಯಾದರೂ, ನನ್ನ ಅಭಿಪ್ರಾಯ.

ಗೃಹಿಣಿ, ಶ್ರೀರಂಗಪಟ್ಟಣ: ನಮ್ಮ ಮಾವನವರಿಗೆ ಮನೆಯಲ್ಲಿಯೇ ಆಕ್ಸಿಜನ್ ಕೊಡುತ್ತಿದ್ದಾಗ, ಬೆಂಕಿಯ ಅಪಾಯವಿದೆಯೆಂದು ಮುಖದ ಹತ್ತಿರ ಯಾವ ಎಣ್ಣೆಯನ್ನೂ ಬಳಸದಂತೆ ವೈದ್ಯರು ಕಟ್ಟುನಿಟ್ಟಾಗಿ ಹೇಳಿದ್ದರು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನೀಲಗಿರಿ ಎಣ್ಣೆಯ ಸೀಸೆಯನ್ನು ಬೀಗ ಹಾಕಿಡಿ ಅಕ್ಕ. ಅದು ಸ್ವಲ್ಪವೇ ಹೊಟ್ಟೆಗೆ ಹೋದರೂ ಫಿಟ್ಸ್ ಬರಬಹುದು. ಹಾಗೇನಾದರೂ ಆದರೆ ವಾಂತಿ ಮಾಡಿಸಲು ಹೋಗದೆ, ಸೀಸೆಯನ್ನೂ ಜೊತೆಗೆ ತೆಗೆದುಕೊಂಡು ನೇರವಾಗಿ ಆಸ್ಪತ್ರೆಗೆ ಹೋಗಿ.